ಹೆಗ್ಗಣದ ಅಣೆಕಟ್ಟು

ರೊಟ್ಟಿ ಬಡಿಯುವ ಸದ್ದು ನಡುವೆಯೇ ನಿಂತುಬಿಟ್ಟಿದ್ದರಿಂದ ಏನೋ ಆಗಿದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ವಿಮಲಾಕ್ಷಿಯ ಅಂಗೈ ಜೋಳದ ಹಿಟ್ಟಿನ ಮೇಲೆ ಹಾಗೇ ಊರಿತ್ತು. ಹಂಚಿನ ಮೇಲಿನ ರೊಟ್ಟಿ ತಿರುವಿಹಾಕುವವರಿಲ್ಲದೆ ಅಂಚಿನಲ್ಲಿ ಕಪ್ಪಾಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಶೀತಲ್ ನಿಂತಿದ್ದಳು. ಯೂನಿಫಾರ್ಮು, ಟೈ, ರಿಬ್ಬನ್ನು ಕಟ್ಟಿದ ಎರಡು ಜಡೆ, ಎಲ್ಲ ಸರಿಯಿತ್ತು. ಸಾಕ್ಸು ಮಾತ್ರ ಒಂದೇ ಕಾಲಿಗೆ. ಕೈ ಹೊಟ್ಟೆಯ ಮೇಲೆ.

"ಹೊಟ್ಟಿ ಬ್ಯಾನಿ ಏನವ್ವಾ?" ಎಂದಳು ವಿಮಲಾಕ್ಷಿ.

ಶೀತಲ್ ತಲೆಯಾಡಿಸಿದಳು.

"ನಿನ್ನಿ ರಾತ್ರಿ ಚಟ್ನಿಪುಡಿ ಹಚ್ಕೊಂಡು ಎರಡು ರೊಟ್ಟಿ ತಿಂದಿ. ಆವಾಗ ಎಲ್ಲಿತ್ತು ಈ ಬ್ಯಾನಿ?"

ಉತ್ತರ ಬಂದದ್ದು ಬಾಲ್ಕನಿಯಿಂದ. ಎರಡನೇ ಪಿಯುಸಿ ಪರೀಕ್ಷೆಗೆ ಓದಲು ರಜೆ ಕೊಟ್ಟಿದ್ದರಿಂದ ಅವಳ ಅಣ್ಣ ಸಂಜು ಅಲ್ಲಿ ಕಂಬಿಯ ಮೇಲೆ ಕಾಲು ಚಾಚಿಕೊಂಡು ಪುಸ್ತಕ ಹಿಡಿದಿದ್ದ.

"ಇವತ್ತು ಅವಳ್ದು ಮ್ಯಾತ್ಸ್ ಓರಲ್ ಅಮ್ಮ. ನೋವು ಜೆನ್ಯೂನೇ. ನನಗೂ ಇಂಟಿಗ್ರೇಷನ್ ನೋಡಿದ್ರೆ ಅಲ್ಲೇ ಬರುತ್ತೆ."

ಶರಣಪ್ಪ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತ ಒಳಗಿನ ಕೋಣೆಯಿಂದ ಬಂದ. ಹಲಸೂರಿನ ವಿಮಾ ಕಚೇರಿಗೆ ಹೊರಡುವ ಹೊತ್ತು. "ಮನ್ಯಾಗ ಗಿಳಿ ಹಂಗ ಮಗ್ಗಿ ಅಂತಾಳ. ಅಲ್ಲಿ ಹೋದ್ರ ಬಾಯಿಗಿ ಬೀಗ. ಯಾರ್ ಹಾಕ್ತಾರೋ ಏನೋ ಆ ಬೀಗ," ಎಂದ.

"ಸುಮ್ನಿರ್ರಿ. ಮೊದಲೇ ಅಂಜ್ಯಾದ ಕೂಸು."

"ನಾ ಏನ್ ಅಂದೆ ಈಗ? ಮೈ ಬಿಸಿ ಅದನೇನ್ ನೋಡು ಮೊದ್ಲ."

ಮೈ ಬಿಸಿ ಇರಲಿಲ್ಲ. ಕೆಳಗೆ ಸ್ಕೂಲ್ ವ್ಯಾನು ಹಾರನ್ ಮಾಡಿತು. ವಿಮಲಾಕ್ಷಿ ಹಿಟ್ಟಿನ ಕೈಯಲ್ಲೇ ಬಾಲ್ಕನಿಗೆ ಹೋಗಿ, ಇವತ್ತು ಬರುವುದಿಲ್ಲ ಎಂದು ಡ್ರೈವರಿಗೆ ಸನ್ನೆ ಮಾಡಿದಳು. ಒಳಗೆ ಬಂದು ನೋಡಿದರೆ ಶೀತಲ್ ಆ ಒಂದು ಸಾಕ್ಸನ್ನೂ ತೆಗೆದು ಅಚ್ಚುಕಟ್ಟಾಗಿ ಮಡಚಿಡುತ್ತಿದ್ದಳು. ಹೊಟ್ಟೆ ಹಿಡಿದಿದ್ದ ಕೈ ಈಗ ಬಿಡುವಾಗಿತ್ತು. ತಾಯಿ ಅದನ್ನು ನೋಡಿಯೂ ನೋಡದಂತೆ ಹೋಗಿ ಹಂಚಿನ ಮೇಲಿನ ಸೀದ ರೊಟ್ಟಿಯನ್ನು ತೆಗೆದಳು.

ಬೀಗದ ಮಾತು ಸುಳ್ಳಲ್ಲ. ಹೋದ ವರ್ಷ ಎರಡನೇ ಕ್ಲಾಸಿನಲ್ಲಿದ್ದಾಗ ಶೀತಲ್‌ಗೆ ಮೈತುಂಬ ಸೀತಾಳೆ ಎದ್ದು ಬಹಳ ದಿನ ಶಾಲೆ ತಪ್ಪಿತ್ತು. ಹಿಂದೆ ಬೀಳಬಾರದೆಂದು ಶರಣಪ್ಪ ಆಗಿನಿಂದಲೇ ಸಂಜೆ ದೀಪ ಹಚ್ಚಿದ ಮೇಲೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗ್ಗಿ ಹೇಳಿಸತೊಡಗಿದ. ತನ್ನ ಅಪ್ಪ ಭಾಲ್ಕಿಯಲ್ಲಿ ತನಗೆ ಹೇಳಿಸಿದ ಹಾಗೆಯೇ, ತೊಡೆ ತಟ್ಟುತ್ತ, ರಾಗವಾಗಿ. ಎರಡೊಂದ್ಲೆ ಎರಡು, ಎರಡೆರಡ್ಲೆ ನಾಕು. ಮಗು ಎಲ್ಲೂ ತಪ್ಪುತ್ತಿರಲಿಲ್ಲ. ನಿದ್ದೆಯಲ್ಲೂ ಹೇಳುತ್ತಿತ್ತು. ಆದರೆ ಶಾಲೆಯಲ್ಲಿ ಮಿಸ್ ನಿಲ್ಲಿಸಿ "ಫೋರ್ ಸಿಕ್ಸಸ್?" ಎಂದು ನಡುವಿನಿಂದ ಒಂದನ್ನು ಕಿತ್ತು ಕೇಳಿದರೆ ಕಟ್ಟಿಗೆಯ ಹಾಗೆ ನಿಂತುಬಿಡುತ್ತಿತ್ತು. ಅಂಜಿಕೆ ಎಂದರು. ಇಂಗ್ಲಿಷಿನ ತೊಂದರೆ ಎಂದರು. ಕಣ್ಣು ತೋರಿಸಿ ಎಂದೂ ಒಬ್ಬರು ಹೇಳಿದರು; ಕಣ್ಣು ಚೆನ್ನಾಗಿಯೇ ಇತ್ತು.

ಗಂಡ ಹೊರಟ ಮೇಲೆ ವಿಮಲಾಕ್ಷಿ ಶಾಲೆಗೆ ಫೋನ್ ಮಾಡಿದಳು. ಮಿಸ್ ಒಳ್ಳೆಯವರೇ. ದನಿ ಎತ್ತುವವರಲ್ಲ.

"ನೋಡಿ ಮೇಡಂ, ನಾನೂ ಎಷ್ಟು ಸಲ ಅಂತ ಬಿಡ್ಲಿ? ನಾಳೆ ನೀವೇ ಕರ್ಕೊಂಡು ಬನ್ನಿ. ಸ್ಟಾಫ್ ರೂಮಲ್ಲಿ ಒಬ್ಬಳನ್ನೇ ಕೂರಿಸ್ಕೊಂಡು ಕೇಳ್ತೀನಿ, ನೀವು ಹೊರಗಿರಿ. ನಾಕು ಹೇಳಿದ್ರೂ ಸಾಕು, ಪಾಸ್ ಮಾಡ್ತೀನಿ. ಬಾಯೇ ಬಿಡ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಮೂರನೇ ಕ್ಲಾಸಲ್ಲೇ ಕೂರೋದು ಅವಳಿಗೇ ಒಳ್ಳೇದು. ಬೇಜಾರು ಮಾಡ್ಕೋಬೇಡಿ."

"ಇಲ್ಲ ರೀ ಮಿಸ್, ಬೇಜಾರೇನಿಲ್ಲ," ಎಂದಳು ವಿಮಲಾಕ್ಷಿ. ಫೋನ್ ಇಟ್ಟ ಮೇಲೂ ಕೈ ಅದರ ಮೇಲೇ ಇತ್ತು. ಸೋಫಾದ ಮೂಲೆಯಲ್ಲಿ ಮುದುಡಿ ಕೂತಿದ್ದ ಶೀತಲ್ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಎಲ್ಲ ಕೇಳಿಸಿರಬೇಕು. ಆ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರ ದನಿ ಹಾಲಿಗೆಲ್ಲ ಕೇಳುತ್ತಿತ್ತು.

"ನಮ್ಮ ಕ್ಲಾಸ್ ಅಕ್ಷತಾ ಎಲ್ಲ ಫೋರ್ತ್‌ಗೆ ಹೋಗ್ತಾರಾ?" ಎಂದಳು ಶೀತಲ್. ಬೆಂಗಳೂರಲ್ಲೇ ಹುಟ್ಟಿದ ಮಕ್ಕಳ ಬಾಯಲ್ಲಿ ಭಾಲ್ಕಿಯ ಮಾತು ಉಳಿದಿರಲಿಲ್ಲ.

"ನೀನೂ ಹೋಗ್ತಿ."

ಹುಡುಗಿ ನಂಬಲಿಲ್ಲ. ಹೇಳಿದವಳಿಗೂ ನಂಬಿಕೆಯಿರಲಿಲ್ಲ.

ಕಸ ಹೊಡೆದು, ನೆಲ ಒರೆಸಿ, ಒದ್ದೆ ಬಟ್ಟೆ ಹಿಂಡಿ ಕಂಪ್ಯೂಟರಿನ ಮೇಜು ಒರೆಸುವಾಗ ವಿಮಲಾಕ್ಷಿಗೆ ಒಂದು ವಿಷಯ ಹೊಳೆಯಿತು. ಸಂಜುವಿಗೆ ಯಾರೂ ಕೂತು ಮಗ್ಗಿ ಹೇಳಿಸಿರಲಿಲ್ಲ. ಶರಣಪ್ಪ ಆಗ ಟ್ರೈನಿಂಗು ಟ್ರಾನ್ಸ್‌ಫರು ಎಂದು ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಮತ್ತೆ ಇವನು ಕಲಿತದ್ದು ಹೇಗೆ?

"ಸಂಜೂ," ಎಂದು ಕೂಗಿದಳು. "ಆ ಹೆಗ್ಗಣದ ಆಟ ಎಲ್ಲಿ ಅದನೋ?"

ಬಾಲ್ಕನಿಯಲ್ಲಿ ಪುಸ್ತಕ ಬಿದ್ದ ಸದ್ದಾಯಿತು. ಸಂಜು ನಗುತ್ತಲೇ ಒಳಗೆ ಬಂದ.

"ಏನ್ ಅಣ್ಣಾ ಹೆಗ್ಗಣ?" ಎಂದಳು ಶೀತಲ್.

"ನಮ್ಮಮ್ಮ ಸ್ಕೂಲಿಗೆ ಹೋಗಿ ಜಗಳ ಆಡಿದ ಹೆಗ್ಗಣ ಕಣೇ."

ತೊಂಬತ್ತೆಂಟರಲ್ಲಿ ಶರಣಪ್ಪ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಕಂಪ್ಯೂಟರೊಂದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಅಂಗಡಿಯವನು ಮಕ್ಕಳಿಗೆ ಇರಲಿ ಎಂದು ಒಂದು ಸಿ.ಡಿ.ಯನ್ನು ಸುಮ್ಮನೆ ಕೊಟ್ಟಿದ್ದ. ಹಾಕಿದರೆ ಒಂದು ನದಿ. ನದಿಯ ದಂಡೆಯ ಮೇಲೆ ಕಂದು ಬಣ್ಣದ ಒಂದು ಪ್ರಾಣಿ, ಮುಂದೆ ಎರಡು ಹಲ್ಲು, ಹಿಂದೆ ರೊಟ್ಟಿ ಬಡಿಯುವ ಹಲಗೆಯಂಥ ಬಾಲ. ಅದು ನದಿಗೆ ಅಣೆಕಟ್ಟು ಕಟ್ಟಬೇಕು. ತೇಲಿ ಬರುವ ಮರದ ದಿಮ್ಮಿಗಳ ಲೆಕ್ಕ ಹೇಳಿದರೆ ಹೊತ್ತುಕೊಂಡು ಹೋಗಿ ಜೋಡಿಸುತ್ತದೆ. ಅದರ ಹೆಸರನ್ನು ಸಿ.ಡಿ. ಹೇಳುತ್ತಿತ್ತು, ಆದರೆ ಆ ಇಂಗ್ಲಿಷಿನ ವೇಗ ಯಾರ ಕಿವಿಗೂ ನಿಲುಕುತ್ತಿರಲಿಲ್ಲ. ವಿಮಲಾಕ್ಷಿ ಒಂದು ಗಳಿಗೆ ನೋಡಿ, "ಹೆಗ್ಗಣ ಅದು" ಎಂದು ತೀರ್ಮಾನ ಕೊಟ್ಟಳು. ಮೋರಿಯ ಪಕ್ಕದ ಮನೆಗಳವರಿಗೆ ಹೆಗ್ಗಣದ ಪರಿಚಯ ಇರುವುದಿಲ್ಲವೇ? ಎದುರು ಮನೆಯ ಕಮರುನ್ನೀಸಾ ಕೂಡ ನೋಡಿ, "ಹೌದಕ್ಕಾ, ಘೂಸೇ. ನಮ್ದು ಬಚ್ಚಲಲ್ಲಿ ಇದಕ್ಕಿಂತ ದೊಡ್ಡದು ಬರ್ತದೆ" ಎಂದು ಸಾಕ್ಷಿ ಹೇಳಿದಳು.

ಅಣೆಕಟ್ಟು ಕಟ್ಟುವ ಪ್ರಾಣಿ ಯಾವುದು ಎಂದು ಪರೀಕ್ಷೆಯಲ್ಲಿ ಕೇಳಿದಾಗ ಸಂಜು ಡಿಕ್ಷನರಿಯಿಂದ ಮೊದಲೇ ಹುಡುಕಿಟ್ಟುಕೊಂಡಿದ್ದ 'ಬ್ಯಾಂಡಿಕೂಟ್' ಎಂಬ ದೊಡ್ಡ ಪದವನ್ನು ಬರೆದ. ಕೆಂಪು ಶಾಯಿಯ ಗೀಟು ಬಂತು. ಮಾರನೇ ದಿನ ವಿಮಲಾಕ್ಷಿ ಇಸ್ತ್ರಿ ಸೀರೆಯುಟ್ಟು ಶಾಲೆಗೆ ಹೋದಳು. "ನಾವು ಕಣ್ಣಾರೆ ನೋಡೀವಿ ರೀ, ಕಂಪ್ಯೂಟರಿನ್ಯಾಗ ಕಟ್ತದ," ಎಂದು ವಾದಿಸಿದಳು. ಟೀಚರು ನಗು ತಡೆಯಲಾರದೆ ಪುಸ್ತಕ ತೆಗೆದು ಬೀವರ್ ಎಂಬುದನ್ನು ತೋರಿಸಿದರು. ಮನೆಗೆ ಬಂದು ವಿಷಯ ಹೇಳಿದಾಗ ಆಟಕ್ಕೆ ಬರುತ್ತಿದ್ದ ಅಕ್ಕಪಕ್ಕದ ಮಕ್ಕಳೆಲ್ಲ ಸಪ್ಪಗಾದರು. ಆದರೆ ಆ ಮನೆಯಲ್ಲಿ ಅದು ಹೆಗ್ಗಣವಾಗಿಯೇ ಉಳಿಯಿತು.

"ಇವತ್ತಿಗೂ ಬೀವರ್ ಅಂದ್ರೆ ನನಗೆ ಯಾರೋ ಬೇರೆಯವರು ಅನ್ಸುತ್ತೆ," ಎಂದ ಸಂಜು.

ಸಿ.ಡಿ. ಬೀರುವಿನ ಮೇಲಿನ ಬಿಸ್ಕತ್ತು ಡಬ್ಬಿಯಲ್ಲಿ, ಹಳೆಯ ಬ್ಯಾಟರಿ, ಗಡಿಯಾರದ ಬೆಲ್ಟುಗಳ ನಡುವೆ ಸಿಕ್ಕಿತು. ಮೈತುಂಬ ಗೀರು. ಸಂಜು ಅದಕ್ಕೆ ಟೂತ್‌ಪೇಸ್ಟು ಸವರಿ, ಬನಿಯನ್ನಿನ ತುಂಡಿನಿಂದ ಒರೆಸಿ, ತೊಳೆದು ಹಾಕಿದ. ಕಂಪ್ಯೂಟರು ಅದನ್ನು ಒಪ್ಪಲಿಲ್ಲ. ಹಳೆಯದು ಯಾವತ್ತೋ ಹೋಗಿತ್ತು, ಇದು ಮನೆಯ ಎರಡನೆಯ ಕಂಪ್ಯೂಟರು.

"ಇದು ತೊಂಬತ್ತೈದರ ಕಾಲದ ಆಟ ಅಮ್ಮ. ಕಂಪ್ಯೂಟರ್‌ಗೆ ನೀನು ಇನ್ನೂ ತೊಂಬತ್ತೈದರಲ್ಲೇ ಇದೀಯ ಅಂತ ಸುಳ್ಳು ಹೇಳ್ಬೇಕು. ಆಗ ಓಡುತ್ತೆ."

"ಸುಳ್ಳು ಹೇಳಿದ್ರ ನಂಬ್ತದೇನು?"

"ನೀವು ಹೊಟ್ಟೆನೋವು ನಂಬಲ್ವಾ, ಹಂಗೇ."

ಶೀತಲ್ ಕತ್ತು ಬಗ್ಗಿಸಿದಳು. ಬೆಳಗಿನಿಂದ ಮೊದಲ ಸಲ ಅವಳ ತುಟಿಯ ಕೊನೆ ಸ್ವಲ್ಪ ಅಲುಗಿತು.

ಅಷ್ಟರಲ್ಲಿ ವಿಮಲಾಕ್ಷಿ ಬೇಳೆ ತೊಳೆಯಲು ಅಡುಗೆಮನೆಗೆ ಹೋಗಿದ್ದಳು. ಹಾಲಿನಿಂದ ಆ ಸಂಗೀತ ಕೇಳಿತು. ಸಣ್ಣ ಕೊಳಲಿನ ನಾಲ್ಕಾರು ಸ್ವರ, ಹಿಂದೆ ನೀರು ಹರಿಯುವ ಸದ್ದು. ಬೇಳೆಯನ್ನು ನೀರಲ್ಲೇ ಬಿಟ್ಟು ಒದ್ದೆ ಕೈಯಲ್ಲಿ ಹೊರಗೆ ಬಂದಳು. ಹಳೆಯ ದಿನಗಳು ನೆನಪಾದವು. ಅವಳ ಹಳೆಯ ಸೀರೆಯಂಚಿನಿಂದ ಹೊಲಿದ ಆ ಕಂಪ್ಯೂಟರಿನ ಹೊದಿಕೆ, ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಸರದಿಯಲ್ಲಿ ಕೂರುವ ಮಕ್ಕಳು, ಎಲ್ಲರಿಗಿಂತ ಚುರುಕಾಗಿದ್ದ ಕಮರುನ್ನೀಸಾಳ ಮಗಳು ಜಹನಾರಾ, ಕರೆಂಟು ಹೋದಾಗ ಕೀಂ ಕೀಂ ಎನ್ನುವ ಯು.ಪಿ.ಎಸ್., "ಆಂಟಿ, ಬೇಗ, ಸೇವ್ ಮಾಡಿ" ಎಂಬ ಕೂಗಾಟ. ಆಗ ಮಧ್ಯಾಹ್ನಗಳು ಎಷ್ಟು ಉದ್ದ ಇರುತ್ತಿದ್ದವು. ಪಿಯುಸಿಯವರೆಗೂ ಕನ್ನಡದಲ್ಲೇ ಓದಿ ಬಂದಿದ್ದ ಅವಳು ಸೆವೆಂಟೀನ್ ಯಾವುದು, ಸೆವೆಂಟಿ ಯಾವುದು ಎಂದು ಧೈರ್ಯವಾಗಿ ಹೇಳಲು ಕಲಿತದ್ದು ಈ ನದಿಯ ದಂಡೆಯಲ್ಲೇ.

"ಬನ್ನಿ ಅಮ್ಮ, ಕೂತ್ಕೊಳ್ಳಿ. ನೋಡಿ, ಬಂದ ನಿಮ್ಮ ಹೆಗ್ಗಣ."

ಅವಳು ಮಗನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಶೀತಲ್ ಹಿಂದೆ ನಿಂತಳು. ಸಂಜು ಪಟಪಟನೆ ಒತ್ತಿದ. ಮೂರು ಏಳು, ಇಪ್ಪತ್ತೊಂದು. ಐದು ಎಂಟು, ನಲವತ್ತು. "ಅದು ಬ್ಯಾಡ, ಆ ಕಡೀದು ತಗೋ," ಎಂದಳು ತಾಯಿ. "ತಡೀರಿ ಅಮ್ಮ, ಆ ಮೂಲೇಲಿ ಮೊದ್ಲು ಕಟ್ಬೇಕು, ಮರ್ತೋಯ್ತಾ?" "ನೀರು ಬಂತು ನೋಡು, ನೀರು ಬಂತು." ವಿಮಾನ ನಿಲ್ದಾಣಕ್ಕೆ ಇಳಿಯುತ್ತಿದ್ದ ವಿಮಾನವೊಂದು ಮನೆಯ ನೆತ್ತಿಯ ಮೇಲೆಯೇ ಹಾದುಹೋಯಿತು, ಕಿಟಕಿಯ ಗಾಜು ಗುಂಯ್‌ಗುಟ್ಟಿತು. ಇಬ್ಬರೂ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದರು.

ಸಂಜು ಬೇಕೆಂದೇ ಒಂದು ತಪ್ಪು ಲೆಕ್ಕ ಒತ್ತಿದ. ದಿಮ್ಮಿಗಳು ತೇಲಿ ಹೋದವು. ಹೆಗ್ಗಣ ತಲೆ ಕೆರೆದುಕೊಂಡಿತು. ಇನ್ನಷ್ಟು ದಿಮ್ಮಿಗಳು ಮೇಲಿನಿಂದ ತೇಲಿ ಬಂದವು.

"ಅಷ್ಟೇ ನೋಡು ಶೀತು," ಎಂದ ಸಂಜು. "ಬೈಯಲ್ಲ, ಏನಿಲ್ಲ. ಪಾಪದ್ದು."

ವಿಮಲಾಕ್ಷಿ ತಿರುಗಿ ನೋಡಿದಳು. ಮಗಳ ತುಟಿಗಳು ಅಲುಗುತ್ತಿದ್ದವು. ಪರದೆಯ ಮೇಲೆ ಆರು ಏಳು ಎಂದಿತ್ತು. ಹುಡುಗಿ ಸದ್ದಿಲ್ಲದೆ ಆರೊಂದ್ಲೆ ಆರು ಎಂಬಲ್ಲಿಂದ ಹತ್ತತೊಡಗಿದ್ದಳು. ಆರೆರಡ್ಲೆ ಹನ್ನೆರಡು, ಆರಮೂರ್ಲೆ ಹದಿನೆಂಟು. ಇನ್ನೂ ಅರ್ಧ ದಾರಿಯಲ್ಲಿದ್ದಾಗಲೇ ಸಂಜು ನಲವತ್ತೆರಡು ಒತ್ತಿದ, ದಿಮ್ಮಿ ಹೊರಟುಹೋಯಿತು. ತುಟಿಗಳು ನಿಂತವು. ಮುಂದಿನದಕ್ಕೆ ಮತ್ತೆ ಕೆಳಗಿನ ಮೆಟ್ಟಿಲಿನಿಂದ ಶುರು. ಅಪ್ಪನ ರಾಗದಲ್ಲೇ, ಒಂದು ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಜನ ತುಂಬಿದ ಬಸ್ಸಿನ ಹಿಂದೆ ಓಡುವವರ ಹಾಗೆ ಮಗು ಪ್ರತಿ ಸಲವೂ ಓಡಿ, ಪ್ರತಿ ಸಲವೂ ಹಿಂದೆ ಉಳಿಯುತ್ತಿತ್ತು.

ವಿಮಲಾಕ್ಷಿಯ ಮುಖದ ನಗು ತಾನಾಗಿ ಇಳಿಯಿತು.

"ಏಳೋ ಸಾಕು. ಓದ್ಕೋ ಹೋಗು."

"ಇನ್ನೊಂದು ಲೆವೆಲ್ ಅಮ್ಮ."

"ನಿನ್ನ ಪರೀಕ್ಷಾಕ್ಕ ಹೆಗ್ಗಣ ಬಂದು ಬರೀತದೇನು? ಏಳು."

ಸಂಜು ಎದ್ದು, ತಂಗಿಯ ಜಡೆ ಒಮ್ಮೆ ಎಳೆದು ಬಾಲ್ಕನಿಗೆ ಹೋದ. ಶೀತಲ್ ಕುರ್ಚಿಯ ತುದಿಯಲ್ಲಿ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ನಾಲ್ಕು, ಗುಣಾಕಾರದ ಗುರುತು, ಆರು. ನದಿಯಲ್ಲಿ ದಿಮ್ಮಿಗಳು ಹೊರೆಹೊರೆಯಾಗಿ ಬಂದು ನಿಂತವು.

"ಹೇಳವ್ವಾ," ಎಂದಳು ವಿಮಲಾಕ್ಷಿ ಮೆತ್ತಗೆ. "ನಾಕೈದ್ಲೆ ಇಪ್ಪತ್ತು. ನಾಕಾರ್ಲೆ? ಇಪ್ಪತ್... ಇಪ್ಪತ್..."

ಶೀತಲ್ ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಭುಜಗಳು ಮೇಲೆ ಬಂದವು. ಮಿಸ್ ಮುಂದೆ ನಿಲ್ಲುವುದು ಹೀಗೇ ಇರಬೇಕು ಎಂದು ತಾಯಿಗೆ ಈಗ ತಿಳಿಯಿತು.

ಉತ್ತರ ಬಾರದ್ದರಿಂದ ಹೆಗ್ಗಣ ಕೂತುಕೊಂಡಿತು. ಬಾಲವನ್ನು ಪಕ್ಕಕ್ಕೆ ಹಾಸಿ, ಒಂದು ಕಡ್ಡಿ ಎತ್ತಿಕೊಂಡು ಜಗಿಯುತ್ತ, ಪರದೆಯ ಈಚೆಗಿದ್ದವರನ್ನು ನೋಡಿತು. ಅದಕ್ಕೆ ಯಾವ ಅವಸರವೂ ಇರಲಿಲ್ಲ. ತೊಂಬತ್ತೆಂಟರಲ್ಲಿಯೂ ಇರಲಿಲ್ಲ. ಆಗ ವಿಮಲಾಕ್ಷಿ ಮಗನ ಪಕ್ಕದಲ್ಲಿ ಕೂತು, "ಏನೋ ಅದು, ಏನ್ ಕೇಳ್ತದೋ?" ಎನ್ನುತ್ತಿದ್ದಳು. ಇಂಗ್ಲಿಷು ಅವಳಿಗೆ ತಿಳಿಯುತ್ತಿರಲಿಲ್ಲ. ಸಂಜು ಯೋಚಿಸಿ, ಬೆರಳು ತೋರಿಸಿ, ಅವಳಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಅಷ್ಟು ಹೊತ್ತು ಅವಳೂ ಕಾಯುತ್ತಿದ್ದಳು, ಹೆಗ್ಗಣವೂ ಕಾಯುತ್ತಿತ್ತು. ಈಗ ಇಪ್ಪತ್ನಾಲ್ಕು ಎಂಬುದು ಅವಳ ನಾಲಿಗೆಯ ತುದಿಯಲ್ಲೇ ಕೂತಿತ್ತು. ಬಾಯಿ ತೆರೆದರೆ ಹಾರಿಬಿಡುತ್ತಿತ್ತು.

ಅವಳು ಎದ್ದು ಅಡುಗೆಮನೆಗೆ ಹೋಗಿ ಮೆಂತ್ಯದ ಕಟ್ಟು, ಮೊರ ತಂದಳು. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ, ಪರದೆಗೆ ಅರ್ಧ ಬೆನ್ನಾಗಿ ಕೂತು ಸೊಪ್ಪು ಬಿಡಿಸತೊಡಗಿದಳು.

"ನಂಗೆ ಬರಲ್ಲ ಅಮ್ಮ," ಎಂದಳು ಶೀತಲ್.

"ಇರ್ಲಿ. ನಾ ಏನ್ ಕೇಳ್ದೆ? ನನ್ನ ಕೆಲಸ ನನಗ ಅದ."

"ಕ್ಲೋಸ್ ಮಾಡ್ಲಾ?"

"ನಿನ್ನಿಷ್ಟ. ಅದಂತೂ ಆರಾಮ ಕೂತದ, ಕಡ್ಡಿ ತಿನ್ಕೋತ."

ಶೀತಲ್ ಮುಚ್ಚಲಿಲ್ಲ. ಕೊಳಲಿನ ಸ್ವರಗಳು ಮತ್ತೆ ಮೊದಲಿಂದ ಬಂದವು. ಕೆಳಗೆ ಬೀದಿಯಲ್ಲಿ ಮುನಿಗಂಗಮ್ಮ ಹೂವಿನ ಬುಟ್ಟಿ ಹೊತ್ತು, "ಕಾಕಡಾ, ಕನಕಾಂಬರಾ" ಎಂದು ಕೂಗುತ್ತ ಬಂದಳು. ದಿನಾ ಮೊಳ ಹೂ ಹಾಕಿಸಿಕೊಳ್ಳುವ ಬಾಲ್ಕನಿಯ ಕೆಳಗೆ ನಿಂತು, "ವಿಮ್ಲಮ್ಮಾ, ಬುಟ್ಟಿ ಇಳಿಬಿಡಿ" ಎಂದು ಕರೆದಳು. ವಿಮಲಾಕ್ಷಿ ಏಳಲಿಲ್ಲ. ಸಂಜು ಬಾಲ್ಕನಿಯಿಂದ ತಲೆ ಹಾಕಿ ನೋಡಿದ. ತಾಯಿ ಕಣ್ಣಲ್ಲೇ ಬೇಡ ಎಂದಳು. "ಇವತ್ತು ದೇವ್ರಿಗೆ ಹೂ ಬೇಡ್ವಂತೆ ಬಿಡು," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಮುನಿಗಂಗಮ್ಮ ಮುಂದೆ ಹೋದಳು. ಅವಳ ಕೂಗು ಬೀದಿಯ ತಿರುವಿನಲ್ಲಿ ಸಣ್ಣದಾಯಿತು.

ಮೊರದಲ್ಲಿ ಸೊಪ್ಪು ಗುಡ್ಡೆಯಾಗುತ್ತಿತ್ತು. ಬೇಳೆ ಒಲೆಗೇರಿರಲಿಲ್ಲ. ಹತ್ತು ಸಲ ತಿರುಗಿ ನೋಡಬೇಕೆನಿಸಿದರೂ ವಿಮಲಾಕ್ಷಿ ಕಡ್ಡಿಗಳಲ್ಲೇ ಕಣ್ಣು ನೆಟ್ಟಳು. ಎಲೆಗಳ ಜೊತೆ ಎಳೆಯ ಕಡ್ಡಿಯೂ ಬರುತ್ತಿತ್ತು, ಅದನ್ನು ಬೇರೆ ಮಾಡುವುದೂ ಅವಳಿಗೆ ಮರೆತುಹೋಗಿತ್ತು. ಹಿಂದೆ ಕುರ್ಚಿ ಕಿರ್ರೆಂದಿತು. ಮಗು ಮುಂದಕ್ಕೆ ಬಾಗಿರಬೇಕು.

ಕೊನೆಗೆ ಓರೆಗಣ್ಣಲ್ಲಿ ನೋಡಿದಳು. ಶೀತಲ್ ಮಗ್ಗಿ ಹೇಳುತ್ತಿರಲಿಲ್ಲ. ತುಟಿ ಸುಮ್ಮನಿತ್ತು. ಬೆರಳಿನ ತುದಿಯನ್ನು ಗಾಜಿಗೆ ಒತ್ತಿ, ಹಗ್ಗದಲ್ಲಿ ಹೊರೆ ಕಟ್ಟಿದ್ದ ದಿಮ್ಮಿಗಳನ್ನು ಒಂದೊಂದಾಗಿ ಮುಟ್ಟುತ್ತಿದ್ದಳು. ಒಂದು ಹೊರೆಯ ಆರು ದಿಮ್ಮಿ ಮುಗಿಸಿ ಬೆರಳು ನಿಂತಿತು. ಪಕ್ಕದ ಹೊರೆಗೆ ಹೋಯಿತು, ಅದನ್ನೂ ಮೊದಲಿಂದ ಮುಟ್ಟಿತು. ಆಮೇಲೆ ಹೊರೆಯಿಂದ ಹೊರೆಗೆ ಹಾರಿತು. ಕೊನೆಯ, ನಾಲ್ಕನೆಯ ಹೊರೆಯ ಮೇಲೆ ಹೋಗಿ ಅಲ್ಲೇ ಉಳಿಯಿತು. ಅವಳ ಉಸಿರಿಗೆ ಪರದೆಯ ಕೆಳಭಾಗ ಸ್ವಲ್ಪ ಮಂಜಾಗಿತ್ತು, ಆ ಮಂಜಿನ ಹಿಂದೆ ಹೆಗ್ಗಣ ಕಡ್ಡಿ ಜಗಿಯುತ್ತ ಕೂತಿತ್ತು.

"ಅಮ್ಮಾ."

"ಹೂಂ," ಎಂದಳು ವಿಮಲಾಕ್ಷಿ, ಸೊಪ್ಪಿನಿಂದ ತಲೆ ಎತ್ತದೆ.

"ಅಪ್ಪನ ಜೊತೆ ಹೇಳ್ತೀನಲ್ಲ, ನಾಕಾರ್ಲೆ ಇಪ್ಪತ್ನಾಕು ಅಂತ. ಮಿಸ್ಸೂ ಅದನ್ನೇ ಕೇಳ್ತಾರೆ."

"ಹೂಂ."

ಶೀತಲ್ ಬೆರಳನ್ನು ಗಾಜಿನಿಂದ ತೆಗೆಯಲಿಲ್ಲ. ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದನ್ನು ಉಗುಳಲೋ ನುಂಗಲೋ ತಿಳಿಯದವರ ಹಾಗೆ ಒಂದು ಕ್ಷಣ ತಡೆದು, ತಾಯಿಯ ಕಡೆ ತಿರುಗಿ, ಬಾಲ್ಕನಿಯಲ್ಲಿದ್ದ ಅಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು:

"ಏನು ನಾಕು ಅಮ್ಮಾ? ಏನು ಆರು?"